ಕುರಿಮರಿಗೆ ನಂಬರ್ ಹಾಕಿದವನ ಪಾಡು

ಕೆಲವರಿಗೆ ಬೀದಿ ನಾಯಿ ಕಾಟ, ಕೆಲವರಿಗೆ ನೆಂಟರ ಕಾಟ. ನನಗೆ ಕುರಿ ಕಾಟ, ಅದೂ ರಿಟೈರ್ ಆದ ಮೇಲೆ. ಪಶುವೈದ್ಯನಾಗಿದ್ದವನು ಪದ್ಮನಾಭನಗರದಲ್ಲಿ ತೆಪ್ಪಗೆ ಪೇಪರ್ ಓದಿಕೊಂಡಿರಬೇಕು ತಾನೇ? ಗ್ರಹಚಾರ ಬಿಡಬೇಕಲ್ಲ!

ಗೊಟ್ಟಿಗೆರೆ ಕಡೆ ಒಂದು ಮೈದಾನದಲ್ಲಿ ವರ್ಷಕ್ಕೊಂದು ಸಲ ಕುರಿ ಪ್ರದರ್ಶನ ನಡೆಯುತ್ತೆ. ಮಾಂಸಕ್ಕೆ ಅಂತ ಸಾಕಿದ ಮರಿಗಳನ್ನ ನಾಲ್ಕು ನಾಲ್ಕಾಗಿ ಸಾಲಲ್ಲಿ ನಿಲ್ಲಿಸ್ತಾರೆ. ನಾನು ಒಂದೊಂದರ ಬೆನ್ನು, ಸೊಂಟ, ತೊಡೆ ಒತ್ತಿ ನೋಡಿ ಒಂದರಿಂದ ನಾಲ್ಕು ನಂಬರ್ ಹಾಕಬೇಕು. ಯಾಕೆ ಹಾಗೆ ಹಾಕಿದೆ ಅಂತ ಮೈಕಲ್ಲಿ ಕಾರಣ ಹೇಳಬೇಕು. ಆಮೇಲೆ ಬೈಸಿಕೊಳ್ಳಬೇಕು. "ಇದೇ ಕೊನೆ ಕಣೇ" ಅಂತ ಪ್ರತಿ ವರ್ಷ ಹೆಂಡತಿಗೆ ಮಾತು ಕೊಡ್ತೀನಿ. ಪ್ರತಿ ವರ್ಷ ಕುರಿ ಸಂಘದ ಅಧ್ಯಕ್ಷರು ಬಂದು ನಮ್ಮ ಸೋಫಾ ಮೇಲೆ ಕೂತುಬಿಡ್ತಾರೆ. "ನಿಮ್ಮನ್ನ ಬಿಟ್ರೆ ಯಾರಿದಾರೆ ಸಾರ್?" ಅಂತಾರೆ. ನಿಜ, ಯಾರೂ ಇಲ್ಲ. ಬುದ್ಧಿ ಇರೋರು ಯಾರು ಒಪ್ತಾರೆ?

೧. ಶಾಂಪೂ ಮರಿ

ಮೊದಲ ವರ್ಷ ಜೆ.ಪಿ. ನಗರದ ಒಬ್ಬರು ತಂದ ಮರಿ ಹೊಸ ಹಾಸಿಗೆ ಥರ ಉಬ್ಬಿಕೊಂಡಿತ್ತು. ಸುತ್ತ ನಿಂತ ಜನ "ಏನ್ ಗುರು ಸಖತ್ತಾಗಿದೆ!" ಅಂತಿದ್ರು. ನಾನು ಬೆನ್ನ ಮೇಲೆ ಕೈಯಿಟ್ಟೆ. ಕೈ ಇಳೀತು, ಇಳೀತು, ಸೀದಾ ಪಕ್ಕೆಲುಬಿಗೆ ಹೋಗಿ ನಿಂತಿತು. ವಿಚಾರಿಸಿದರೆ, ಬೆಳಿಗ್ಗೆ ಮರಿಗೆ ಶಾಂಪೂ ಸ್ನಾನ ಆಗಿದೆ, ಹೇರ್ ಡ್ರೈಯರ್ ಹಿಡಿದಿದ್ದಾರೆ, ಬಾಚಿದ್ದಾರೆ. ದಿನಾ ಹೀಗೇ ಅಂತೆ.

"ನಾಲ್ಕನೇ ನಂಬರ್. ಇದರಲ್ಲಿ ಮಾಂಸ ಕಮ್ಮಿ, ಇರೋದೆಲ್ಲ ಬರೀ ಕೂದಲು" ಅಂತ ಮೈಕಲ್ಲಿ ಹೇಳಿದೆ.

ಮರಿ ತಂದವರು ನನ್ನ ಬೋಳು ತಲೇನ ಒಂದು ಸುತ್ತು ನೋಡಿ, "ಅದಾದ್ರೂ ಇದೆಯಲ್ಲ ಸಾರ್" ಅಂದ್ರು.

ಮೈಕ್ ಆನ್ ಆಗೇ ಇತ್ತು.

ಮುಂದಿನ ವರ್ಷ ನೋಡಿದರೆ ಬೇರೆಯವರೂ ಬಕೆಟ್ಟು, ಶಾಂಪೂ ಹಿಡಿದುಕೊಂಡೇ ಬಂದಿದ್ರು. ನನ್ನ ಮಾತಲ್ಲಿ ಜನಕ್ಕೆ ಹಿಡಿಸಿದ್ದು ಅದೊಂದೇ.

೨. ಕೊನೇಗೆ ಇಡಿ ಡಾಕ್ಟ್ರೇ

ನಮ್ಮ ಬೀದಿಯ ಆಂಟಿ ಒಬ್ಬರಿದ್ದಾರೆ, ಯಡಿಯೂರು ಕೆರೆ ಹತ್ತಿರ ನನ್ನ ಹೆಂಡತಿ ಜೊತೆ ವಾಕಿಂಗ್ ಹೋಗೋರು. ಅವರ ಮಗ ಆಸೆಪಟ್ಟು ಒಂದು ಮರಿ ತಂದು ಟೆರೇಸಲ್ಲಿ ಬಿಟ್ಟ. ಸಾಕಿದ್ದು ಮಾತ್ರ ಇವರು. ಮಗ ಅದನ್ನ ಸ್ಪರ್ಧೆಗೆ ಹಾಕಿದಾಗ ಆಂಟಿಗೆ ಜೀವವೇ ಹೋದ ಹಾಗಾಯ್ತು. ಯಾಕಂದ್ರೆ ಗೆದ್ದ ಮರೀನ ಅಲ್ಲೇ ಮಟನ್ ಅಂಗಡಿಯವರು ಹರಾಜಲ್ಲಿ ಕೂಗಿ ಕೊಂಡ್ಕೋತಾರೆ. ಕೊನೇದನ್ನ ಯಾರೂ ಕೇಳಲ್ಲ.

ಹಿಂದಿನ ದಿನ ಮನೆಗೆ ಬಂದು ಕಣ್ಣೀರು ಹಾಕಿದ್ರು. "ಡಾಕ್ಟ್ರೇ, ನಿಮಗೆ ಕೈ ಮುಗೀತೀನಿ. ನಮ್ಮ ಚಿನ್ನೂನ ಕೊನೇಗೆ ಇಟ್ಬಿಡಿ."

ನಾನು ಜಡ್ಜು, ಶಿಫಾರಸು ಕೇಳೋ ಹಾಗಿಲ್ಲ. ಆದರೆ ಮಾರನೇ ದಿನ ಮುಟ್ಟಿ ನೋಡಿದರೆ ಅದು ನ್ಯಾಯವಾಗಿಯೇ ಕೊನೇದು. ಮೂರು ಹೊತ್ತೂ ದೋಸೆ ತಿಂದ ಹೊಟ್ಟೆ! "ಸೊಂಟ ಇಲ್ಲ, ತೊಡೆ ಇಲ್ಲ, ಹೊಟ್ಟೆ ಮಾತ್ರ ಡೊಳ್ಳು, ನಡಿಗೇಲಿ ಸೋಮಾರಿತನ" ಅಂತ ಕಾರಣ ಹೇಳಿ ನಾಲ್ಕನೇ ನಂಬರ್ ಹಾಕಿದೆ. ಮರಿ ಬಚಾವಾಯ್ತು. ಆಂಟಿ ಥ್ಯಾಂಕ್ಸ್ ಹೇಳ್ತಾರೆ ಅಂತ ಮನೇಲಿ ಕಾಫಿಗೆ ಹಾಲಿಟ್ಟು ಕಾದ್ವಿ.

ಬಂದ್ರು, ಬಾಗಿಲಲ್ಲೇ ನಿಂತ್ರು. "ಕೊನೇಗೆ ಇಡಿ ಅಂದೆ, ನಿಜ. ಹಾಗಂತ ನಾಲ್ಕು ಜನದ ಮುಂದೆ ಅಷ್ಟು ಹೀನಾಯವಾಗಿ ಆಡ್ಕೋಬೇಕಿತ್ತಾ? ಪಾಪ, ಆವಾಗಿಂದ ಅದು ದೋಸೇನೇ ಮುಟ್ಟಿಲ್ಲ!"

ಅವತ್ತಿಂದ ನನ್ನ ಹೆಂಡತಿ ಕೆರೆ ಸುತ್ತ ಒಬ್ಬಳೇ ವಾಕಿಂಗ್ ಹೋಗ್ತಾಳೆ. ಆ ಲೆಕ್ಕವೂ ನನ್ನ ತಲೆ ಮೇಲೆ.

೩. ಇಬ್ಬರಿಗೂ ಫಸ್ಟು

ಸಾಕಪ್ಪಾ ಈ ನಿಷ್ಠುರ ಅನ್ನಿಸಿ ಒಂದು ವರ್ಷ ಉಪಾಯ ಮಾಡಿದೆ. ಬಿಟಿಎಂ ಲೇಔಟಿನ ಇಬ್ಬರು, ಅಕ್ಕಪಕ್ಕದ ಮನೆಯವರು. ಕಾಂಪೌಂಡ್ ಗೋಡೆ ವಿಷಯಕ್ಕೆ ಮಾತು ಬಿಟ್ಟು ಎಷ್ಟೋ ಕಾಲ ಆಗಿತ್ತು. ಇಬ್ಬರ ಮರಿಗಳೂ ಚೆನ್ನಾಗಿದ್ವು. ಇಬ್ಬರಿಗೂ ಮೊದಲ ಬಹುಮಾನ ಅಂದುಬಿಟ್ಟೆ.

ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತಾರೆ. ಸುಳ್ಳು. ಒಬ್ಬರು ಈ ಕಡೆಯಿಂದ "ಏನ್ ಸಾರ್, ಕಣ್ಣು ಕಾಣ್ಸಲ್ವಾ?" ಅಂದ್ರು. ಇನ್ನೊಬ್ಬರು ಆ ಕಡೆಯಿಂದ "ಮಟನ್ ತಿನ್ನದೇ ಇರೋ ಪುಳಿಚಾರಿಗೆ ಏನು ಗೊತ್ತಾಗುತ್ತೆ?" ಅಂದ್ರು. ಮೊದಲನೆಯವರಿಗೆ ಆ ಮಾತು ಬಹಳ ಹಿಡಿಸ್ತು. "ಕರೆಕ್ಟಾಗಿ ಹೇಳಿದ್ರಿ ನೋಡಿ!" ಅಂದ್ರು. ನನ್ನನ್ನ ಬೈತಾ ಬೈತಾ ಇಬ್ಬರೂ ಒಂದೇ ಆಟೋದಲ್ಲಿ ಮನೆಗೆ ಹೋದ್ರು.

ಈಗ ಅವರು ಬೀಗರು. ಮದುವೆಗೆ ನನ್ನನ್ನ ಕರೀಲಿಲ್ಲ.

೪. ದೇವರೇ ಹೇಳಲಿ

ಈ ವರ್ಷ ಹೆಂಡತಿ ಖಡಾಖಂಡಿತವಾಗಿ ಹೇಳಿದ್ಲು: "ಇವತ್ತು ಆ ಕೆಲಸ ಬಿಟ್ಟು ಬಂದ್ರೆ ಮಾತ್ರ ಮನೆಗೆ ಬನ್ನಿ." ನಾನೂ ಗಟ್ಟಿ ಮನಸ್ಸು ಮಾಡಿಯೇ ಹೋದೆ.

ನಂಬರ್ ಹಾಕಿದೆ, ಕಾರಣ ಹೇಳಿದೆ. ಮಾಮೂಲಿನಂತೆ ನಾಲ್ಕೂ ಜನ ಮೇಲೆ ಬಿದ್ದರು. ಗೆದ್ದವನದ್ದೂ ಗಲಾಟೆ, "ಇಷ್ಟು ಕಮ್ಮಿ ಹೊಗಳಿದ್ರೆ ಹೆಂಗೆ ಸಾರ್?" ಅಂತ. ಆಗ ಗೊಟ್ಟಿಗೆರೆಯ ಒಬ್ಬ ಅಜ್ಜಿ ಮುಂದೆ ಬಂದು ಗದರಿದ್ಲು. "ಮನುಷ್ಯರ ಮಾತು ಯಾಕ್ರೋ? ನೀರು ಹಾಕಿ, ದೇವ್ರೇ ಹೇಳ್ಲಿ!"

ದೇವರಿಗೆ ಕುರಿ ಒಪ್ಪಿಸೋ ಮನೆಗಳಲ್ಲಿ ಹಾಗೊಂದು ಪದ್ಧತಿ. ಕುರಿ ಮೇಲೆ ನೀರು ಚಿಮುಕಿಸಿ ಕಾಯ್ತಾರೆ. ಅದು ಮೈ ಕೊಡವಿದರೆ ದೇವರು ಒಪ್ಪಿತು ಅಂತ ಅರ್ಥ. ಕೊಡವೋವರೆಗೂ ಯಾರೂ ಕತ್ತಿ ಮುಟ್ಟಲ್ಲ. ಯಾವ ಮರಿ ಮೊದಲು ಕೊಡವುತ್ತೋ ಅದಕ್ಕೇ ಫಸ್ಟು ಅಂತ ಎಲ್ಲರೂ ಒಪ್ಪಿದ್ರು. ನನಗಂತೂ ಕುಣಿಯೋ ಹಾಗಾಯ್ತು. ಇನ್ನು ಜಡ್ಜ್ ಯಾಕೆ ಬೇಕು? ಒಂದು ಚೊಂಬು ನೀರು ಸಾಕು!

ಅಜ್ಜಿ ಬೇವಿನ ಸೊಪ್ಪು ಅದ್ದಿ ಚಿಮುಕಿಸಿದ್ಲು. ಮರಿಗಳು ಅಲುಗಾಡಲಿಲ್ಲ. ಮತ್ತೆ ಚಿಮುಕಿಸಿದ್ಲು. ಊಹೂಂ. ದಿನಾ ಶಾಂಪೂ ಸ್ನಾನ ಮಾಡೋ ಮರಿಗಳಿಗೆ ಎರಡು ಹನಿ ನೀರು ಯಾವ ಲೆಕ್ಕ? ಕಣ್ಣು ಮುಚ್ಚಿ, ಇನ್ನೂ ಬರಲಿ ಅನ್ನೋ ಥರ ನಿಂತಿದ್ವು. ಅಜ್ಜಿಗೆ ಸಿಟ್ಟು ನೆತ್ತಿಗೇರಿ, "ಥೂ ನಿಮ್ಮ!" ಅಂತ ಇಡೀ ಚೊಂಬನ್ನೇ ಎರಚಿದ್ಲು.

ಪಕ್ಕದಲ್ಲಿ ಬಗ್ಗಿ ನೋಡ್ತಿದ್ದವನು ನಾನು. ಐಸ್ ಥರದ ನೀರು ಬೋಳು ತಲೆ ಮೇಲೆ ಬಿದ್ದು ಬೆನ್ನಿಗಿಳೀತು. ಅಡಿಯಿಂದ ಮುಡಿವರೆಗೆ ಗಡಗಡ ಅಂತ ಮೈ ಕೊಡವಿಬಿಟ್ಟೆ.

ಅಜ್ಜಿ ಕೈಯೆತ್ತಿ ಕೂಗಿದ್ಲು, "ಒಪ್ಪಿಗೆ ಆಯ್ತು! ದೇವ್ರು ಡಾಕ್ಟ್ರನ್ನೇ ಒಪ್ಕೊಂತು!"

ಶಿಳ್ಳೆ, ಚಪ್ಪಾಳೆ. ಜಗಳ ಆಡ್ತಿದ್ದ ನಾಲ್ಕೂ ಜನ ಕಾಲಿಗೆ ಬಿದ್ರು. ಅಧ್ಯಕ್ಷರು ಗೆದ್ದ ಮರಿಗೆ ಅಂತ ತಂದಿದ್ದ ಹಾರಾನ ನನ್ನ ಕೊರಳಿಗೆ ಹಾಕಿ, "ಇನ್ಮೇಲೆ ಜೀವ ಇರೋವರೆಗೂ ನೀವೇ ಜಡ್ಜು ಸಾರ್" ಅಂದ್ರು.

"ಅಯ್ಯೋ, ಚಳಿಗೆ ನಡುಗಿದೆ ಕಣ್ರೀ, ಒಪ್ಪಿಗೆ ಅಲ್ಲ ಅದು!" ಅಂತ ಬಾಯಿ ಬಡ್ಕೊಂಡೆ.

"ಕುರೀಗೂ ಚಳೀನೇ ಇರುತ್ತೆ ಸಾರ್. ಅದನ್ನ ಯಾರು ಕೇಳ್ತಾರೆ?" ಅಂದ್ರು ಅಧ್ಯಕ್ಷರು.

ಒದ್ದೆ ತಲೆ, ಕೊರಳಲ್ಲಿ ಚೆಂಡುಹೂವಿನ ಹಾರ ಹೊತ್ತು ಮನೆ ಬಾಗಿಲಲ್ಲಿ ನಿಂತು ಹೆಂಡತಿಗೆ ನಡೆದದ್ದೆಲ್ಲ ಹೇಳಿದೆ. ಬೈತಾಳೆ ಅಂದ್ಕೊಂಡೆ. ಬೈಲಿಲ್ಲ. ಟವೆಲ್ ತಂದು ಕೈಗೆ ಕೊಟ್ಟು, ನನ್ನನ್ನ ಮೇಲಿಂದ ಕೆಳಗೆ ನೋಡಿ ಅಂದ್ಲು:

"ಒಪ್ಪಿಗೆ ಕೊಟ್ಟ ಮೇಲೂ ಮನೆಗೆ ವಾಪಸ್ ಬಂದ ಕುರಿ ಅಂದ್ರೆ ನೀವೊಬ್ಬರೇ."