ಎಂಟು ಡಬ್ಬಿಯ ಗಾಡಿ

ಗೋವಾದ ಸಾಂಕೋಲೆಯ ಕಾರ್ಖಾನೆಯಲ್ಲಿ ದಿನವಿಡೀ ದುಡಿದು ಬಂದವನು ಮನೆಯಲ್ಲಿ ಕಾಲು ಚಾಚಿ ಮಲಗಬೇಕು. ನಾನು ಮಾತ್ರ ಕಂಪ್ಯೂಟರ್ ಮುಂದೆ ಕೂತು ಇನ್ನೊಂದು ಕಾರ್ಖಾನೆ ಕಟ್ಟುತ್ತೇನೆ. ಅದೊಂದು ಆಟ. ಗಣಿಯಿಂದ ಅದಿರು ತರಲು ರೈಲು ಬೇಕು, ರೈಲಿಗೆ ಸ್ಟೇಷನ್ ಬೇಕು. ಗಾಡಿ ಎಷ್ಟು ಉದ್ದ ಇರಬೇಕು, ಸ್ಟೇಷನ್ ಹೇಗಿರಬೇಕು ಎಂಬ ಘನವಾದ ಚಿಂತೆಯಲ್ಲಿ ನಾನಿರುವಾಗಲೇ ಮನೆಯಲ್ಲಿ ಏನಾದರೊಂದು ಆಗುತ್ತದೆ. ಆಗದಿದ್ದರೆ ಅದು ನಮ್ಮ ಮನೆಯೇ ಅಲ್ಲ.

ಬುತ್ತಿ

ಈ ಆಟದಲ್ಲಿ ನನಗೊಬ್ಬ ಜೊತೆಗಾರ. ವಿಜಯಪುರ ಕಡೆಯವನು, ದಾಬೋಲಿಮ್‌ನಲ್ಲಿ ಟಿಪ್ಪರ್ ಓಡಿಸುತ್ತಾನೆ. ಒಂದು ಸಂಜೆ ಫೋನಿನಲ್ಲಿ ಅವನೊಂದಿಗೆ ವಾದಕ್ಕೆ ಬಿದ್ದೆ. ನಮ್ಮ ಮಾತಿನಲ್ಲಿ ರೈಲಿನ ಬೋಗಿಯೂ ಡಬ್ಬಿ, ಬುತ್ತಿ ಕಟ್ಟುವುದೂ ಡಬ್ಬಿ. ಅದು ನನ್ನ ತಲೆಗೆ ಹೊಳೆಯಲಿಲ್ಲ.

“ನಾಕು ಡಬ್ಬಿ ಸಾಲಂಗಿಲ್ಲೋ. ನಾಳಿಂದ ನನಗ ಎಂಟು ಡಬ್ಬಿ ಬೇಕು!” ಎಂದೆ.

ಅಡುಗೆಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಎಂಟು ಡಬ್ಬಿ ಕಟ್ಟಾಕ ನಾ ಏನ್ ಖಾನಾವಳಿ ಇಟ್ಟೇನೇನ್ರಿ? ಒಂದು ಡಬ್ಬಿ ಒಯ್ದು ಅರ್ಧಾ ಹಂಗ ವಾಪಸ್ ತರ್ತೀರಿ!”

ಅದು ರೈಲಿನ ಡಬ್ಬಿ ಎಂದು ವಿವರಿಸಿದೆ. ವಿವರಿಸಬಾರದಿತ್ತು.

“ಹೌದಾ? ಹಂಗಾದ್ರ ಕೇಳ್ರಿ. ಬರೋ ವಾರ ನಮ್ಮವ್ವ ಬರಾಕತ್ತಾಳ. ಇರೋದು ಒಂದs ಖೋಲಿ. ಆ ಟೇಬಲ್ ಇದ್ದಲ್ಲೇ ಆಕಿ ಮಂಚ ಹಾಕಬೇಕು. ಕಂಪ್ಯೂಟರ್ ಮಾರಿ ಬರ್ರಿ.”

ಗೋಗರೆದೆ. ಕಡೆಗೆ ಆಕೆ, “ಅವ್ವ ಇರ್ಲಿ ಅಂದ್ರ ಇರ್ಲಿ, ಬ್ಯಾಡ ಅಂದ್ರ ಹೋತು” ಎಂದಳು. ಅತ್ತೆ ನನ್ನ ಪರವಾಗಿ ಮಾತಾಡಿದ್ದು ಒಂದೇ ಸಲ, ಮದುವೆಗೆ ಒಪ್ಪಿಗೆ ಕೊಟ್ಟಾಗ. ಆ ಮಾತನ್ನೂ ಆಮೇಲೆ ವಾಪಸ್ ತೆಗೆದುಕೊಂಡರು.

ಬಾಲ

ಕಂಪ್ಯೂಟರ್ ಇರುವಷ್ಟು ದಿನವಾದರೂ ಆಡೋಣವೆಂದು ಟಿಪ್ಪರ್ ಗೆಳೆಯನನ್ನು ಮನೆಗೇ ಕರೆಸಿದೆ. ಅವನು ತನ್ನ ಹಳೆಯ ಲ್ಯಾಪ್‌ಟಾಪ್ ಹಿಡಿದು ಬಂದ. ನನ್ನ ಎಂಟು ಡಬ್ಬಿಯ ಗಾಡಿ ಸ್ಟೇಷನ್ನಿಗೆ ಬಂದು ನಿಂತರೆ ಬಾಲ ಹಿಂದಿನ ಜಂಕ್ಷನ್ ಮೇಲೇ ಉಳಿಯುತ್ತಿತ್ತು. ಉಳಿದ ಗಾಡಿಗಳೆಲ್ಲ ಅದರ ಹಿಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು.

“ನಾಕs ಡಬ್ಬಿ ಮಾಡೋ ಮಾರಾಯಾ. ಗಾಡಿ ಬೇಕಾದ್ರ ಹೆಚ್ಚಿಗಿ ಬಿಡು” ಎಂದ.

“ಉದ್ದ ಗಾಡಿಗಿ ಒಂದು ಗತ್ತು ಇರ್ತೈತಿ” ಎಂದೆ.

ಬಾಲ ಎಲ್ಲಿಯವರೆಗೆ ಬಂದಿದೆ ಎಂದು ತೋರಿಸಲು ಅವನು ಆಟದೊಳಗೆ ಹಳಿಯ ಮೇಲೆ ಹೋಗಿ ನಿಂತ. ಅದೇ ಹೊತ್ತಿಗೆ ನನ್ನ ಇನ್ನೊಂದು ಗತ್ತಿನ ಗಾಡಿ ಬಂತು.

“ಯಾ ಅಲ್ಲಾ, ಸತ್ತೆ! ನಿನ್ನ ಗಾಡಿ ನನ್ನ ಮ್ಯಾಲೇ ಹಾದು ಹೋತಲ್ಲೋ!” ಎಂದು ಚೀರಿದ.

ಮೇಲಿನ ಮನೆಯಿಂದ ಮಾಲಕಿ ಬಾಯಿ ತಂಬಿಗೆ ನೀರು ಹಿಡಿದು ಓಡಿ ಬಂದರು. “ಕಿತೆಂ ಜಾಲೆಂ? ಕೋಣ್ ಮೆಲೊ?” ಏನಾಯಿತು, ಯಾರು ಸತ್ತರು ಎಂದು ಕೊಂಕಣಿಯಲ್ಲಿ ಕೇಳಿದರು.

ಗೆಳೆಯ ಚಹಾದ ಕಪ್ಪು ಕೆಳಗಿಟ್ಟು, ಸಣ್ಣಗೆ ಕೈ ಎತ್ತಿದ. “ನಾನ ರೀ.”

ತಂದ ನೀರನ್ನು ಮಾಲಕಿಯೇ ಗಟಗಟ ಕುಡಿದು ಹೋದರು.

ಜಲ್ಲಿಕಲ್ಲು

ಅತ್ತೆ ಬರುವ ದಿನ ಬೇಗನೇ ಸ್ಟೇಷನ್ನಿಗೆ ಹೋದೆ. ಸ್ಟೇಷನ್ ವಿಷಯದಲ್ಲಿ ನನಗಿಂತ ಬಲ್ಲವರು ಯಾರು? ನಡು ಪ್ಲಾಟ್‌ಫಾರ್ಮಿನಲ್ಲಿ ಠೀವಿಯಿಂದ ನಿಂತೆ. ಗಾಡಿ ಬಂತು. ಅತ್ತೆ ಇದ್ದ ಜನರಲ್ ಡಬ್ಬಿ ಕಟ್ಟಕಡೆಯದು, ಪ್ಲಾಟ್‌ಫಾರ್ಮ್ ಮುಗಿದು ಎಷ್ಟೋ ಹಿಂದೆ ನಿಂತಿತು. ನಾನು ಓಡಿ ತಲುಪುವ ಹೊತ್ತಿಗೆ ಅವರು ರೊಟ್ಟಿಯ ಗಂಟಿನ ಸಮೇತ ಜಲ್ಲಿಕಲ್ಲಿನ ಮೇಲೆ ಇಳಿದಾಗಿತ್ತು.

“ಅತ್ತೀ, ಗಾಡಿ ಭಾಳ ಉದ್ದ ಆತ್ರಿ” ಎಂದೆ.

“ಗಾಡಿ ಉದ್ದ ಆಗಿಲ್ರಿ ಅಳಿಯಾರ. ಪ್ಲಾಟ್‌ಫಾರಂ ಕಟ್ಟಿದಾಂವ ಜನರಲ್ ಡಬ್ಬಿಯೊಳಗ ಎಂದೂ ಕುಂತಿಲ್ಲ. ಅಂಥಾಂವ ನನ್ನ ಕೈಯಾಗ ಸಿಗಬೇಕು!”

ಅಂಥವನೊಬ್ಬ ಅವರ ಗಂಟು ಹೊತ್ತು ಮುಂದೆ ಮುಂದೆ ನಡೆಯುತ್ತಿದ್ದ.

ತೀರ್ಪು

ಮನೆಗೆ ಬಂದವರೇ ಅತ್ತೆ ಕಂಪ್ಯೂಟರ್ ಕಡೆ ಕೈ ತೋರಿಸಿದರು. “ಏನದು, ರೈಲೇನು?”

“ಅದನ್ನs ನೋಡು ಅವ್ವಾ” ಎಂದು ಹೆಂಡತಿ ಉತ್ಸಾಹದಿಂದ ದೂರು ಒಪ್ಪಿಸಿದಳು.

ನನ್ನ ಗಾಡಿ ಬಂದು ನಿಂತಿತು. ಮುಂದಿನ ನಾಲ್ಕು ಡಬ್ಬಿಗೆ ಅದಿರು ಬಿತ್ತು. ಹಿಂದಿನ ನಾಲ್ಕು ಸ್ಟೇಷನ್ನಿನ ಹೊರಗೆ ಖಾಲಿ ನಿಂತಿದ್ದವು.

ಅತ್ತೆಯ ಮುಖ ಕೆಂಪಾಯಿತು. “ಹಿಂದಿನ ಡಬ್ಬಿಗೆ ಪ್ಲಾಟ್‌ಫಾರಂ ಯಾಕ ಕಟ್ಟಿಲ್ಲ?”

“ಅತ್ತೀ, ಅದರಾಗ ಮಂದಿ ಇರಂಗಿಲ್ರಿ. ಬರೇ ಕಲ್ಲು.”

“ಏನರೆ ಇರ್ಲಿ. ಕಟ್ರಿ!”

ಅಂಜುತ್ತಾ ಕಟ್ಟಿದೆ. ಸ್ಟೇಷನ್ ಉದ್ದವಾಯಿತು, ಬಾಲದ ಡಬ್ಬಿಗೂ ಅದಿರು ಬಿತ್ತು. ಅತ್ತೆ ಕಣ್ಣು ಮಿಟುಕಿಸದೆ ನೋಡಿದರು.

“ಅವ್ವಾ, ಕಂಪ್ಯೂಟರ್ ಇರ್ಲೋ ಬ್ಯಾಡೋ?” ಹೆಂಡತಿ ತಡೆಯಲಾರದೆ ಕೇಳಿದಳು.

“ಇರ್ಲಿ. ಕುರ್ಚಿ ತಗಿ. ಮಂಚ ಇಲ್ಲೇ, ಇದರ ಮುಂದ ಹಾಕು.”

ಅಂದಿನಿಂದ ಅತ್ತೆ ಮಂಚದ ಮೇಲೆ, ನಾನು ನೆಲದ ಮೇಲೆ. ಹಿಂದಿನ ಡಬ್ಬಿ ತುಂಬುವ ತನಕ ಗಾಡಿ ಬಿಡುವಂತಿಲ್ಲ. ಊರಿಗೆ ಯಾವಾಗ ಹೊರಡುತ್ತೀರಿ ಎಂದು ಮೆಲ್ಲಗೆ ಕೇಳಿದರೆ, “ತಾಮ್ರದ ಸ್ಟೇಷನ್ ಮುಗೀಲಿ” ಎನ್ನುತ್ತಾರೆ.

ನಿನ್ನೆ ಅಡುಗೆಮನೆಯಿಂದ ಹೆಂಡತಿ, “ರೀ, ನಾಳಿಗಿ ಒಂದs ಡಬ್ಬಿ ಸಾಕೇನ್ರಿ?” ಎಂದು ಕೂಗಿದಳು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಪರದೆಯಿಂದ ಕಣ್ಣು ಕೀಳದೆ ಗುಡುಗಿದರು. “ಎಂಟು! ಒಂದೂ ಕಮ್ಮಿ ಮಾಡಬ್ಯಾಡ!”

ಒಳಗೆ ಪಾತ್ರೆ ಬಿದ್ದ ಸದ್ದಾಯಿತು.