ಮಾವನ ಗೂಡು, ಅಳಿಯನ ಸುರಂಗ

ಮಾವ ಶಂಕರಯ್ಯ ತೀರಿಕೊಂಡ ದಿನ ಬೆಳಿಗ್ಗೆ, ಹೆಣದ ಮುಂದೆ ಹಚ್ಚಿದ ದೀಪವೇ ಸಾಕ್ಷಿಯಾಗಿ, ಅಳಿಯ ಶರಣಬಸವ ಒಂದು ಪಣ ತೊಟ್ಟ. ಮಾವನ ಸಮಾಧಿಯ ಗೂಡನ್ನು ತಾನೇ ಕೊರೆಯಬೇಕು. ಅದೂ ಎಂಥ ಗೂಡು? ಕೃಷ್ಣಾ ಹೊಳೆಯ ಈ ದಂಡೆಯಲ್ಲಿ ಇವತ್ತಿನ ತನಕ ಯಾವ ಶರಣನೂ ಕೂತಿರದಂಥ ಗೂಡು! ನೆಲದೊಳಗಿನ ವಿದ್ಯೆ ಬಲ್ಲವನು ಮನೆತನಕ್ಕೆಲ್ಲ ತಾನೊಬ್ಬನೇ ಇರುವಾಗ, ಆ ಕೆಲಸ ಕಂಡಕಂಡವರ ಕೈಗೆ ಹೋದೀತು ಹೇಗೆ?

ನೆಲದೊಳಗಿನ ವಿದ್ಯೆ ಎಂದರೆ ಬೇರೇನಲ್ಲ, ನೆಲದೊಳಗಿನ ರೈಲು. ಮಕ್ತಲ್‌ನಲ್ಲಿ ಶರಣಬಸವನದು ಪೈಪಿನ ಅಂಗಡಿ. ಒಂದು ಸಲ ಗದ್ವಾಲಿನಲ್ಲಿ ರೈಲು ಹತ್ತಿ, ಪೈಪ್ ಕಂಪನಿಯವರ ಸಭೆಗೆಂದು ಬೆಂಗಳೂರಿಗೆ ಹೋದ. ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಹತ್ತಲು ನೆಲದ ಕೆಳಗೆ ಇಳಿದ. ಇಳಿದವನು ಸಭೆಗೆ ಹೋಗಲೇ ಇಲ್ಲ. ಕತ್ತಲ ಗವಿಯಿಂದ ಮೊದಲು ಗಾಳಿ ಬರುವುದು, ಗಾಳಿಯ ಹಿಂದೆ ಬೆಳಕು ಬರುವುದು, ಬೆಳಕಿನ ಹಿಂದೆ ರೈಲು ಬರುವುದು, ಇದನ್ನು ನೋಡುತ್ತ ನಿಂತುಬಿಟ್ಟ. ಕಾವಲಿನವನು ಬಂದು ಯಾರಿಗಾಗಿ ಕಾಯುತ್ತಿದ್ದೀರಿ ಎಂದು ಕೇಳಿದರೆ, ಮುಂದಿನ ರೈಲಿಗೆ ಎಂದ. ಮುಂದಿನದು ಬಂದಾಗ, ಅದರ ಮುಂದಿನದಕ್ಕೆ ಎಂದ.

ಊರಿಗೆ ಮರಳಿದ ಮೇಲೆ ಮನುಷ್ಯ ಮನುಷ್ಯನಾಗಿ ಉಳಿಯಲಿಲ್ಲ. ಗಿರಾಕಿ ಹೊಲಕ್ಕೆ ಪೈಪು ಕೇಳಿದರೆ, ಇವನು ಪೈಪಿನ ತುದಿಗೆ ಕಣ್ಣು ಹಚ್ಚಿ ಲಂಡನ್ನಿನ ಸುರಂಗದ ಕಥೆ ತೆಗೆಯುತ್ತಿದ್ದ. ಕಲ್ಕತ್ತೆಯಲ್ಲಿ ಹೊಳೆಯ ಕೆಳಗೇ ರೈಲು ಓಡುವ ಕಥೆ ಮುಗಿಯುವಷ್ಟರಲ್ಲಿ ಗಿರಾಕಿ ಎದುರಂಗಡಿಯಲ್ಲಿ ಪೈಪು ಕೊಂಡು ಊರು ಮುಟ್ಟಿರುತ್ತಿದ್ದ. ಹೆಂಡತಿ ಶೈಲಜಾ ರೊಟ್ಟಿ ಬಡಿಯುವ ಸದ್ದನ್ನು ಬೇಕೆಂದೇ ಜೋರು ಮಾಡುತ್ತಿದ್ದಳು. ಈ ಕಥೆಗಳನ್ನು ಕೊನೆಯ ತನಕ ಕೇಳುವ ಸಹನೆ ಲೋಕದಲ್ಲಿ ಒಬ್ಬರಿಗೆ ಮಾತ್ರ ಇತ್ತು, ಮಾವ ಶಂಕರಯ್ಯನವರಿಗೆ. ಹೊಳೆದಂಡೆಯ ತಮ್ಮೂರಲ್ಲಿ ಹಾಸಿಗೆ ಹಿಡಿದಿದ್ದರು, ಎದ್ದುಹೋಗುವ ಅನುಕೂಲ ಅವರಿಗಿರಲಿಲ್ಲ.

ಆದರೆ ಸುಳ್ಳು ಹೇಳಬಾರದು, ಮುದುಕ ಮನಸ್ಸಿಟ್ಟೇ ಕೇಳುತ್ತಿದ್ದ. ಒಂದು ದಿನ ಕೇಳಿದ:

“ಆ ರೈಲಿನಾಗ ಗಂಡ ಹೆಂಡ್ತಿ ಒಂದ ಡಬ್ಬ್ಯಾಗ ಕುಂದ್ರಬೇಕೇನು?”

“ದಿಲ್ಲ್ಯಾಗ ಹೆಂಗಸರಿಗೆ ಬ್ಯಾರೆ ಡಬ್ಬಿ ಐತ್ರಿ ಮಾವ.”

“ಹಂಗಾರ ಶಾಣ್ಯಾ ಮಂದೀನ ಕಟ್ಯಾರ.”

ಮುದುಕನ ಈ ಮಾತಿಗೆ ಒಂದು ಎಮ್ಮೆಯ ಹಿನ್ನೆಲೆಯಿತ್ತು. ಹೆಂಡತಿ ಸತ್ಯಮ್ಮನ ತವರಿನ ಎಮ್ಮೆಯನ್ನು ಅವಳನ್ನು ಕೇಳದೆ ಸಂತೆಯಲ್ಲಿ ಮಾರಿ ಬಂದಿದ್ದ. ಆವತ್ತಿನಿಂದ ಸಾಯುವ ತನಕ ಸತ್ಯಮ್ಮ ಎಮ್ಮೆಯ ಮಾತಿಲ್ಲದೆ ಗಂಡನಿಗೆ ಒಂದು ತುತ್ತು ಬಡಿಸಲಿಲ್ಲ. ಅವಳು ಹೋಗಿ ಮೂರು ವರ್ಷವಾಗಿತ್ತು. ಕಣ್ಣು ಮುಚ್ಚುವ ಮೊದಲು ಶಂಕರಯ್ಯ ಮಗಳ ಕೈ ಹಿಡಿದು ಕೇಳಿಕೊಂಡದ್ದು ಒಂದೇ:

“ನನ್ನ ಎಲ್ಲಿ ಬೇಕಾದಲ್ಲಿ ಕುಂದ್ರಸ್ರಿ, ನಿಮ್ಮವ್ವನ ಬಾಜೂ ಬ್ಯಾಡ. ಮ್ಯಾಲಿದ್ದಾಗ ಕೇಳೀನಿ. ಕೆಳಗೂ ಕೇಳಾಕ ನನ್ನ ಕೈಲೆ ಆಗಂಗಿಲ್ಲ.”

ಶೈಲಜಾ ಆಗಲಿ ಎಂದು ಮಾತು ಕೊಟ್ಟಿದ್ದಳು.

ಮಾತು ಕೊಡುವುದು ಬಾಯಿ. ಜಾಗ ಕೊಡುವುದು ನೆಲ. ಸತ್ಯಮ್ಮನ ಸಮಾಧಿಯಿದ್ದ ಹೊಲದ ಮೂಲೆಯಲ್ಲಿ ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಬಂಡೆ. ಉಳಿದದ್ದು ಸತ್ಯಮ್ಮನ ಮಗ್ಗುಲು ಮಾತ್ರ. ಶೈಲಜಾಳ ಅಣ್ಣ ಭೀಮಣ್ಣ, ಗಂಡ ಹೆಂಡತಿಯನ್ನು ದೂರ ದೂರ ಇಟ್ಟರೆ ಬೀಗರು ಏನೆಂದಾರು ಎಂದು ಪಟ್ಟು ಹಿಡಿದ. ಅಣ್ಣ ತಂಗಿ ಹೆಣದ ಮುಂದೆಯೇ ಜಗಳಾಡಿ, ಅತ್ತು, ಕೊನೆಗೆ ಒಂದು ರಾಜಿಗೆ ಬಂದರು. ಎರಡು ಕುಣಿಗಳ ನಡುವೆ ಕೈಯುದ್ದದ ಮಣ್ಣಿನ ಗೋಡೆ ಬಿಡುವುದು. ಗೂಡನ್ನು ಪಡುವಣಕ್ಕೆ ಕೊರೆಯುವುದು. ಇವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕುಣಿಯ ಗೋಡೆಯಲ್ಲಿ ಗೂಡು ಮಾಡಿ, ಪದ್ಮಾಸನ ಹಾಕಿಸಿ, ಅದರೊಳಗೆ ಕೂರಿಸುತ್ತಾರೆ.

ಹಾರೆ ಹಿಡಿದು ಹೊರಟ ಗಂಡನನ್ನು ಶೈಲಜಾ ಬಾಗಿಲಲ್ಲಿ ತಡೆದಳು.

“ತೆಂಕಣಕ್ಕ ಅವ್ವ ಅದಾಳ. ಆ ಗ್ವಾಡಿ ಮುಟ್ಟಬ್ಯಾಡ್ರಿ. ಅಪ್ಪಗ ಮಾತು ಕೊಟ್ಟೀನಿ.”

ಸುರಂಗದ ವಿಷಯದಲ್ಲಿ ತನಗೆ ಪಾಠ ಹೇಳುವವಳು ಇನ್ನೂ ಹುಟ್ಟಿಲ್ಲ ಎಂಬಂತೆ ಶರಣಬಸವ ನಕ್ಕ.

ಊರವರು ಕುಣಿ ತೋಡಿ ಮುಗಿಸಿದ್ದರು. ಎಲ್ಲರನ್ನೂ ಮೇಲೆ ಕಳಿಸಿ, ಅಂಗಿ ಬಿಚ್ಚಿಟ್ಟು, ಮೊಬೈಲಿನ ಬೆಳಕು ಹಚ್ಚಿ, ನಮ್ಮ ಸುರಂಗಾಧಿಪತಿ ಒಬ್ಬನೇ ಒಳಗೆ ಇಳಿದ. ಪಡುವಣ ಗೋಡೆಗೆ ಮೊದಲ ಏಟು ಹಾಕಿದ. ಟಣ್! ಎರಡನೆಯದೂ ಟಣ್! ಬಂಡೆ ಅಲ್ಲಿಯ ತನಕ ಕಾಲು ಚಾಚಿತ್ತು. ರಟ್ಟೆ ಝುಮ್ಮೆಂದಿತು. ಆಗ ಅವನಿಗೆ ದೊಡ್ಡ ಎಂಜಿನಿಯರುಗಳ ಸೂತ್ರ ನೆನಪಾಯಿತು: ನೆಲ ಎಲ್ಲಿ ದಾರಿ ಕೊಡುತ್ತದೋ ಅಲ್ಲಿ ನುಗ್ಗು. ಮುಖ ಬಡಗಣಕ್ಕಾದರೂ ಶಾಸ್ತ್ರಕ್ಕೆ ಅಡ್ಡಿಯಿಲ್ಲವಲ್ಲ? ತೆಂಕಣ ಗೋಡೆಯಲ್ಲಿ ಒಂದು ಗೇಣಷ್ಟೇ ಒಳಗೆ ಹೋಗಿ ನಿಲ್ಲಿಸಿದರಾಯಿತು.

ತೆಂಕಣ ಗೋಡೆಗೆ ಹಾರೆ ಹಾಕಿದ. ಬೆಣ್ಣೆಗೆ ಬೆರಳಿಟ್ಟಂತೆ ಇಳಿಯಿತು!

ಬಲ್ಲವರ ಕೈ ನೆಲಕ್ಕೂ ಗೊತ್ತಾಗುತ್ತದೆ ಎಂದು ಶರಣಬಸವ ಹಿಗ್ಗಿದ. ಒಂದು ಗೇಣಾಯಿತು. ಗೂಡಿನ ನೆತ್ತಿ ಕಮಾನಿನಂತೆ ದುಂಡಗೆ ಬಂತು. ದುಂಡಗೆ ಬಂದದ್ದಕ್ಕೆ ಆಳ ಸಾಲದೆನಿಸಿತು. ಇನ್ನೊಂದು ಗೇಣು ಕೊರೆದ. ಹಸಿಮಣ್ಣಿನ ವಾಸನೆ, ತಣ್ಣನೆಯ ಕತ್ತಲೆ, ಬೆನ್ನ ಹಿಂದೆ ಮಿಣುಕುವ ಮೊಬೈಲಿನ ಬೆಳಕು. ಮೆಜೆಸ್ಟಿಕ್ಕು ಮೈಮೇಲೆ ಬಂತು. ಮೊಣಕಾಲೂರಿ, ತಲೆ ಒಳಗಿಟ್ಟು, ಭುಜ ಒಳಗಿಟ್ಟು ಕೊರೆದ. ಮಣ್ಣು ಇಷ್ಟು ಮೆತ್ತಗೆ ಯಾಕಿದೆ, ಇದನ್ನು ಮೊದಲೇ ಯಾರಾದರೂ ತೋಡಿ ಮುಚ್ಚಿರಬಹುದೇ ಎಂಬ ಯೋಚನೆ ಪೈಪಿನ ವ್ಯಾಪಾರಿಗೆ ಹೊಳೆಯಲಿಲ್ಲ. ಮೆಟ್ರೋದ ಹೆಣ್ಣುಮಗಳ ಮೆಲುದನಿಯಲ್ಲಿ ತನಗೆ ತಾನೇ ಹೇಳಿಕೊಂಡ: ಮುಂದಿನ ನಿಲ್ದಾಣ...

ಹಾರೆ ಅತ್ತ ಕಡೆಗೆ ತೂತು ಕೊರೆದು ಹೋಯಿತು.

ದಿಲ್ಲಿಯಲ್ಲಿ ಸುರಂಗದ ಯಂತ್ರ ಗೋಡೆ ಒಡೆದು ಹೊರಬಂದರೆ ಚಪ್ಪಾಳೆ ತಟ್ಟುತ್ತಾರೆ, ಹೂ ಎರಚುತ್ತಾರೆ. ಇಲ್ಲಿ ತೂತಿನಿಂದ ಸುರಿದದ್ದು ಉಪ್ಪು. ಉಪ್ಪಿನ ಹಿಂದೆ ವಿಭೂತಿ. ವಿಭೂತಿಯ ಹಿಂದೆ ಅಂಗೈಯಗಲದ ಕೆಂಪು ಸೀರೆಯಂಚು. ಅತ್ತೆ ಸತ್ತಾಗ ನಾರಾಯಣಪೇಟೆಯಿಂದ ತಂದು ಅವನೇ ಹೊದಿಸಿದ ಸೀರೆ ಅದು.

ಶರಣಬಸವ ಹಾಗೇ ಕೂತ. ಮೇಲಿನಿಂದ ಭೀಮಣ್ಣ ಕೂಗಿದ.

“ಆತೇನ್ರಿ ಅಳೇರ?”

“ಆತ್ರಿ,” ಎಂದ. ಆಗಬಾರದ್ದೆಲ್ಲ ಆಗಿತ್ತು.

ಕೆಸರು ಕಲೆಸಿ ತೂತಿಗೆ ಮೆತ್ತಿದ, ಉದುರಿತು. ಕಲ್ಲಿಟ್ಟು ಮೆತ್ತಿದ, ಕಲ್ಲು ಅತ್ತೆಯ ಕಡೆಗೆ ಬಿತ್ತು. ಕೊನೆಗೆ ಬಿಚ್ಚಿಟ್ಟ ಅಂಗಿಯನ್ನೇ ಉಂಡೆ ಕಟ್ಟಿ ತುರುಕಿ, ಮೇಲೆ ಕೆಸರು ಸಾರಿಸಿ, ಕೈ ತೊಳೆದುಕೊಂಡು ಮೇಲೆ ಬಂದ. ಅಷ್ಟರಲ್ಲಿ ಭಜನೆಯ ತಾಳ ಕೇಳಿಸಿತು. ಹೂವಿನಿಂದ ಸಿಂಗರಿಸಿದ ಕುರ್ಚಿಯಲ್ಲಿ ಶಂಕರಯ್ಯ ಬರುತ್ತಿದ್ದರು.

ಕ್ರಿಯೆ ಮಾಡಿಸಲು ಬಂದ ಅಯ್ಯನವರು ಮೊದಲು ಕುಣಿಗೆ ಇಳಿದರು. ಗೂಡನ್ನು ಶುದ್ಧ ಮಾಡಬೇಕೆಂದು ತಂಬಿಗೆಯ ನೀರು ಚೆಲ್ಲಿದರು. ಕೆಸರು ನೀರು ಕುಡಿದು ಜಾರಿತು. ಅಂಗಿಯ ತೋಳು ಮೆಲ್ಲಗೆ ಹೊರಗೆ ಇಣುಕಿತು. ಅಯ್ಯನವರು ಅದನ್ನು ಹಿಡಿದು ಎಳೆದರು. ಅಂಗಿ ಬಂತು, ಅಂಗಿಯ ಹಿಂದೆ ಕತ್ತಲೆಯೂ ಬಂತು.

“ಇದು ಯಾರದ್ರೀ?” ಎಂದು ಅಂಗಿಯನ್ನು ಮೇಲೆತ್ತಿ ಹಿಡಿದರು.

ಯಾರೂ ಉತ್ತರ ಕೊಡುವ ಅಗತ್ಯವಿರಲಿಲ್ಲ. ನೆರೆದ ಮಂದಿಯಲ್ಲಿ ಬರಿಮೈಯಲ್ಲಿ ನಿಂತವನು ಒಬ್ಬನೇ.

ತಾಳ ನಿಂತಿತು. ಭೀಮಣ್ಣ ಕುಣಿಯೊಳಗೆ ಬಗ್ಗಿ ನೋಡಿದ, ಸೀರೆಯಂಚು ನೋಡಿದ, ಆಮೇಲೆ ಅಳಿಯನನ್ನು ನೋಡಿದ. ಬೈಯಲು ಬಾಯಿ ತೆರೆದು, ಹೆಣದ ಮುಂದೆ ಬೈಯಬಾರದೆಂದು ಮುಚ್ಚಿಕೊಂಡ. ಶರಣಬಸವ ತಾನೇ ಕುಣಿಗೆ ಹಾರಿ ಗೋಡೆ ಕಟ್ಟತೊಡಗಿದ. ಕಟ್ಟಿದ್ದು ಕುಸಿಯಿತು. ಮತ್ತೆ ಕಟ್ಟಿದ, ಮತ್ತೆ ಕುಸಿಯಿತು. ಮೇಲೆ ಶಂಕರಯ್ಯ ಕೊಡೆಯ ನೆರಳಿನಲ್ಲಿ, ಹೊತ್ತಿಗೆ ಬಾರದ ರೈಲಿಗೆ ಕಾಯುವ ಪ್ರಯಾಣಿಕನಂತೆ ಕೂತೇ ಇದ್ದರು. ಹೊಳೆಯಾಚೆ ಸೂರ್ಯ ಕೆಂಪಾದ. ಬೇರೆ ಕುಣಿ ತೋಡೋಣವೆಂದರೆ ಎಲ್ಲೆಲ್ಲೂ ಬಂಡೆ. ಹೊತ್ತು ಮುಳುಗುವ ಮೊದಲು ಇದ್ದುದರಲ್ಲೇ ಕೂರಿಸಿ ಎಂದರು ಅಯ್ಯನವರು.

ಆಗ ಶೈಲಜಾ ಇಳಿದು ಬಂದಳು. ಗಂಡ ಎರಡು ಕೈಯಲ್ಲೂ ಕೆಸರು ಹಿಡಿದು ನಿಂತಿದ್ದ. ಅವಳು ಅವನ ಮುಖ ನೋಡಲಿಲ್ಲ. ಗೂಡಿನೊಳಗೆ ಬಗ್ಗಿ, ತೂತಿಗೆ ಬಾಯಿಟ್ಟು, ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ ಹೇಳಿದಳು:

“ಅವ್ವಾ, ಅಪ್ಪ ಬಂದಾನ. ಎಮ್ಮಿ ಸುದ್ದಿ ತೆಗೀಬ್ಯಾಡವ್ವ. ಕಡೀಕ ಅವಗ ಉಸಿರೂ ಸಾಲಲಿಲ್ಲ.”

ಮೇಲೆ ಯಾವಳೋ ಮುದುಕಿ ಕಿಸಕ್ಕೆಂದಳು. ಆ ನಗೆ ಅರ್ಧಕ್ಕೇ ಮುರಿದು ಅಳುವಾಯಿತು. ಅವಳ ಹಿಂದೆ ಎಲ್ಲರೂ ಅತ್ತರು. ಮುದುಕನನ್ನು ಇಳಿಸಿ ಕೂರಿಸಿದರು. ಬೆನ್ನು ತೂತಿನ ಕಡೆಗೆ ಬಂತು. ಮನೆಯಲ್ಲೂ ಹೆಂಡತಿಗೆ ಹಾಗೇ ಬೆನ್ನು ಕೊಟ್ಟು ಕೂರುತ್ತಿದ್ದವರು. ಶೈಲಜಾ ತಂದೆಯ ಕಿವಿಯ ಹತ್ತಿರ ಹೋಗಿ, ಮಾತು ಉಳಿಸಲಾಗಲಿಲ್ಲ ಅಪ್ಪ ಎಂದು ಮೆಲ್ಲಗೆ ಹೇಳಿದ್ದು ಒಬ್ಬನಿಗೆ ಮಾತ್ರ ಕೇಳಿಸಿತು. ನಾಲ್ಕು ಮಂದಿಯ ಮುಂದೆ ಕೆನ್ನೆಗೆ ಬಾರಿಸಿದ್ದರೂ ಶರಣಬಸವನಿಗೆ ಇಷ್ಟು ಉರಿಯುತ್ತಿರಲಿಲ್ಲ. ಲೋಕದಲ್ಲಿ ತನ್ನ ಕಥೆ ಕೇಳಿದ ಒಬ್ಬನೇ ಒಬ್ಬನನ್ನು, ಅವನು ಬೇಡವೆಂದ ಒಂದೇ ಒಂದು ಜಾಗಕ್ಕೆ, ತಾನೇ ದಾರಿ ಕೊರೆದು ಕಳಿಸಿದ್ದ. ಉಪ್ಪು, ವಿಭೂತಿ, ಪತ್ರಿ ಬಿದ್ದವು. ಮಣ್ಣೂ ಬಿತ್ತು.

ಮರುದಿನ ಗಂಡ ಹೆಂಡತಿ ಬೈಕಿನಲ್ಲಿ ಮಕ್ತಲ್‌ಗೆ ಹೊರಟರು. ಅರ್ಧ ದಾರಿ ಕಳೆಯಿತು. ತಪ್ಪಾಯಿತು ಎನ್ನಬೇಕೆಂದು ಶರಣಬಸವ ಬಾಯಿ ತೆರೆದ. ಆದರೆ ಹುಚ್ಚು ಹಿಡಿದ ಬಾಯಿ ಅದು, ಬಂದದ್ದೇ ಬೇರೆ.

“ದಿನಕರ್ಮ ಮುಗದ ಮ್ಯಾಲ ಬೆಂಗಳೂರಿಗೆ ಹೋಗೂಣು. ಖರೇ ಸುರಂಗ ತೋರಿಸ್ತೀನಿ ನಿನಗ. ಅದು ಹಿಂಗ ಇರಂಗಿಲ್ಲ.”

ಶೈಲಜಾ ಗಾಳಿಗೆ ಹಾರುವ ಸೆರಗನ್ನು ಎಳೆದು ಸುತ್ತಿಕೊಂಡಳು.

“ಸತ್ತ ಮ್ಯಾಲ ಹೆಂಗೂ ಕೆಳಗ ಇಳಿಯೂದು ಐತ್ರಿ. ಅಲ್ಲೀಮಟ ಮ್ಯಾಲ ಇರಾಕ ಬಿಡ್ರಿ.”

ಅವನು ತಲೆಯಾಡಿಸಿದ. ಬೈಕು ಒಂದು ತಗ್ಗಿಗೆ ಇಳಿದು ಹತ್ತಿತು. ಹಿಂದಿನಿಂದ ಮತ್ತೆ ಅವಳ ದನಿ ಬಂತು, ಸಿಟ್ಟಿಲ್ಲದೆ, ಮನೆಯ ಕೆಲಸ ಹೇಳುವಂತೆ:

“ನಾ ಕೆಳಗ ಇಳಿಯೂ ದಿನ ಹಾರಿ ಮಾತ್ರ ನಮ್ಮಣ್ಣನ ಕೈಯಾಗ ಕೊಡ್ರಿ.”