ಸಿದ್ದಪ್ಪಜ್ಜನ ಎರಡು ಗಳ

ನನಗೆ ಯಾರ ಮೇಲಾದರೂ ಸಿಟ್ಟು ಬಂದರೆ ಎದುರಿಗೆ ನಿಂತು ಆಡುವ ಧೈರ್ಯವಿಲ್ಲ. ಗಿಡ ಹಚ್ಚುತ್ತೇನೆ. ಹೆಡ್ ಮಾಸ್ತರರ ಮೇಲೆ ಮುನಿಸಿಕೊಂಡ ವರ್ಷ ಹಚ್ಚಿದ ನಿಂಬೆ ಈಗ ಬುಟ್ಟಿಗಟ್ಟಲೆ ಕಾಯಿ ಬಿಡುತ್ತದೆ. ಉಪ್ಪಿನಕಾಯಿಗೆಂದು ಅವರ ಮನೆಗೇ ಎರಡು ಸಲ ಒಯ್ದು ಕೊಟ್ಟಿದ್ದೇನೆ. ಮುಧೋಳದ ನಮ್ಮ ಮನೆಯ ಬಿದಿರು ಬೇಲಿಯೂ ಇಂಥದೇ ಸಿಟ್ಟಿನ ಬೆಳೆ. ಸಿಟ್ಟು ಪಕ್ಕದ ಮನೆಯ ಸಿದ್ದಪ್ಪಜ್ಜನ ಮೇಲಿನದು.

ಅಜ್ಜ ಕುರಿ ಕಾಯ್ದ ಮನೆತನದವರು, ಬೀರದೇವರ ಒಕ್ಕಲು. ಸಕ್ಕರೆ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದರು. ಅಲ್ಲಿ ಏನು ಕೆಲಸವಿತ್ತೆಂದು ನಾನು ಎಂದೂ ಕೇಳಿರಲಿಲ್ಲ. ಕಾಯಲು ಕುರಿ ಇಲ್ಲದ್ದಕ್ಕೆ ನಮ್ಮನ್ನು ಕಾಯತೊಡಗಿದರು. ಅವರ ಕಟ್ಟೆಯ ಹಗ್ಗದ ಹೊರಸಿನ ಮೇಲೆ ಕೂತರೆ ನಮ್ಮ ಹಿತ್ತಲೆಲ್ಲ ಕಾಣುತ್ತದೆ. “ಮಾಸ್ತರ, ಇವತ್ತ ತಡಾ ಎದ್ರಿ.” “ಮಾಸ್ತರ, ಬದನಿಕಾಯಿ ಬಲ್ತಾವಲ್ರಿ, ಯಾರ ಕೊಟ್ರು ನಿಮಗ?” ಒಂದು ದಿನ ನಾನು ಹೆಂಡತಿಯ ಸೀರೆ ಹಿಂಡುತ್ತಿದ್ದಾಗ “ಜಗ್ಗಿ ಹಿಂಡ್ರಿ ಮಾಸ್ತರ, ಇನ್ನೂ ನೀರ ಸೋರಾಕತ್ತೇತಿ” ಎಂದರು. ಓಣಿಯೆಲ್ಲ ಕೇಳಿತು. ಮರುದಿನವೇ ನರ್ಸರಿಗೆ ಹೋದೆ.

“ಇದು ಹಿಂಡಾಗಿ ಬೆಳಿಯೂ ಬಿದಿರು ರೀ. ಹಚ್ಚಿದಲ್ಲೇ ನಿಲ್ಲತೇತಿ, ಮಂದಿ ಜಾಗಾಕ್ಕ ಹೋಗಂಗಿಲ್ಲ. ಹೆಬ್ಬೆರಳಿಗಿಂತ ದಪ್ಪನೂ ಆಗಂಗಿಲ್ಲ” ಎಂದ ನರ್ಸರಿಯವನು. ಹಚ್ಚಿದಲ್ಲೇ ನಿಲ್ಲುವ ಈ ಗುಣ ಮನುಷ್ಯರಲ್ಲಿ ಇದ್ದಿದ್ದರೆ ನನಗೆ ಬಿದಿರೇ ಬೇಕಾಗಿರಲಿಲ್ಲ. ಮೂರು ಮಳೆಗಾಲದಲ್ಲಿ ಬೇಲಿ ತಲೆಯೆತ್ತರ ದಾಟಿ, ಅಜ್ಜ ಮರೆಯಾದರು. ನಾಲ್ಕು ದಿನ ಬನಿಯನ್ನಿನಲ್ಲಿ ಕೂತು ಆರಾಮಾಗಿ ಚಹಾ ಕುಡಿದೆ. ಐದನೇ ದಿನ ಅಜ್ಜ ಗೇಟು ತೆಗೆದು ಒಳಗೇ ಬಂದರು.

ಬೇಲಿಯನ್ನು ಈ ತುದಿಯಿಂದ ಆ ತುದಿಗೆ ನೋಡಿ, ಎರಡು ಬಿದಿರು ಗಳ ಆರಿಸಿ, ಹೆಗಲ ಕಂಬಳಿಯಿಂದ ಕರಿ ಎಳೆ ಕಿತ್ತು ಅವಕ್ಕೆ ಕಟ್ಟಿದರು. “ಮಾಸ್ತರ, ಇವೆರಡು ನನ್ನ ಸಿದಿಗಿಗೆ ಇರಲಿ. ಸತ್ತ ದಿನ ನಮ್ಮ ಹುಡುಗರು ಗಳಾ ಹುಡಕ್ಕೋಂತ ತಿರಗೂದು ಬ್ಯಾಡ.” ಸಿದಿಗಿ ಎಂದರೆ ಚಟ್ಟ. ನಾನು ಚಹಾದ ಕಪ್ಪು ಕೆಳಗಿಟ್ಟು ಎದ್ದುನಿಂತೆ. ಅಜ್ಜ ಗಳವನ್ನು ಚಿವುಟಿ ನೋಡಿ, “ಇನ್ನೂ ತೆಳ್ಳಗದಾವು. ದಪ್ಪ ಆಗೂತನಾ ನಾ ಎಲ್ಲೂ ಹೋಗಂಗಿಲ್ಲ” ಎಂದು ಧೈರ್ಯ ಹೇಳಿದರು.

ಅಂದಿನಿಂದ ದಿನಾ ಸಂಜೆ ಬಂದು ಗಳ ಮುಟ್ಟಿ ನೋಡುವುದು, ಚಹಾ ಕುಡಿಯುವುದು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ. ಬೇಲಿಯೇ ಕೈಹಿಡಿದು ಒಳಗೆ ಕರೆತರುವುದನ್ನು ಇಲ್ಲೇ ಕಂಡೆ. “ಇದು ದಪ್ಪ ಆಗೂ ಜಾತಿ ಅಲ್ಲಂತ ಹೇಳಿಬಿಡ್ರಿ, ಪಾಪ” ಎಂದಳು ಹೆಂಡತಿ. ನಾನು ಹೇಳಲಿಲ್ಲ. ಹೇಳಿದರೆ, ಅಜ್ಜ ಕಾಯುವುದನ್ನೇ ಬಿಟ್ಟು ಹೊರಟುಬಿಟ್ಟರೆ ಎಂಬ ಹೆದರಿಕೆ.

ಈ ಶ್ರಾವಣದಲ್ಲಿ ಅಜ್ಜನಿಗೆ ಜ್ವರ ಬಂತು. ಎಂಟು ದಿನ ಬರಲಿಲ್ಲ. ಹೋಗಿ ನೋಡಬಹುದಿತ್ತು, ಹೋದರೆ ಗಳದ ಮಾತು ತೆಗೆದಾರೆಂದು ಹೋಗಲಿಲ್ಲ. ಒಂಬತ್ತನೇ ದಿನ ತಡೆಯಲಾಗದೆ, ಎರಡೂ ಕೈಯಿಂದ ಬಿದಿರು ಸರಿಸಿ, ಸಂದಿಯಲ್ಲಿ ಮುಖ ತೂರಿಸಿ ಅವರ ಕಟ್ಟೆಯನ್ನು ನೋಡಿದೆ.

ಅಜ್ಜ ಹೊರಸಿನ ಮೇಲೆ ಕೂತು ಗಂಜಿ ಕುಡಿಯುತ್ತಿದ್ದರು.

“ಏನ್ ಮಾಸ್ತರ, ಮಂದಿ ಮನಿ ಇಣಕಿ ನೋಡಾಕತ್ತೀರಿ?”

ಬಾಯಿಗೆ ಬಂದದ್ದು ಹೇಳಿದೆ: “ಗಳಾ ಇನ್ನೂ ದಪ್ಪ ಆಗಿಲ್ಲ ಅಜ್ಜಾರ.”

“ಆಗಂಗಿಲ್ಲ ಬಿಡ್ರಿ. ಫ್ಯಾಕ್ಟರಿ ಕಾಲೊನಿಯಾಗ ಇದ ಜಾತಿ ಬಿದಿರಿನ ಬೇಲಿ ಮೂವತ್ತು ವರ್ಷ ಕತ್ತರಿಸೇನಿ. ನೀವು ಬೇಲಿ ಹಚ್ಚಿ ನನಗ ಮರೆ ಮಾಡಿದ್ರಿ. ಸುಮ್ಮನ ಒಳಗ ಬರಾಕ ಒಂದು ನೆವಾ ಬೇಕಿತ್ತು.”

ಮರುದಿನ ಕತ್ತರಿ ತಂದು, ಅವರ ಹೊರಸಿನ ನೇರಕ್ಕೆ ಬೇಲಿಯಲ್ಲಿ ಒಂದು ಕಿಟಕಿಯಷ್ಟು ಜಾಗ ತೆಗೆದೆ. ಹೆಂಡತಿ ಕೇಳಿದ್ದಕ್ಕೆ ಬಿದಿರಿಗೆ ಹುಳ ಬಿದ್ದಿತ್ತು ಎಂದು ಹೇಳಿದ್ದೇನೆ.